ಮೂರನೇ ಹಾಡಿನಲ್ಲಿ ರೈಲು

ಚಮನ್‌ಬಿಯ ಮೊದಲ ಕ್ಯಾಸೆಟ್ಟು ಮಾಡಿದವನು ನಾನೇ.
ಅಶೋಕ ರಸ್ತೆಯ ಗೇಟಿನ ಹತ್ತಿರ, ಅಕ್ಕಿ ಗೋದಾಮಿನ ಮಾಳಿಗೆ,
ಗೋಡೆಗೆಲ್ಲ ಚಳ್ಳಕೆರೆಯ ಕರಿಕಂಬಳಿ ಹೊಡೆದು
ಅದಕ್ಕೆ ಸ್ಟುಡಿಯೋ ಅಂತ ಹೆಸರಿಟ್ಟಿದ್ದೆ.
ಮಂಡಕ್ಕಿ ಭಟ್ಟಿಯಿಂದ ನೇರ ಬಂದಿದ್ದಳು,
ರೆಪ್ಪೆಯ ಮೇಲೆ ಮಸಿ, ಮುಂಗೈ ತುಂಬ ಬಿಸಿಮರಳು ಸಿಡಿದ ಚುಕ್ಕೆ.
ಖಾಲಿ ಚೀಲ ಮಡಿಸಿ ಅದರ ಮೇಲೇ ಕೂತಳು.
"ಮೈಕಿನ ಕಡೆ ನೋಡ್ಬೇಕೇನಣ್ಣ?"
ಅದಕ್ಕೆ ಕಣ್ಣಿಲ್ಲ ತಾಯಿ, ಹಾಡು, ಅಂದೆ.

ಬಾಬಯ್ಯನ ಹಬ್ಬದ ಪದಗಳು, ಅಜ್ಜನಿಂದ ಬಂದವು.
ಎಷ್ಟು ಪದ ಬರುತ್ತವೆ ಅಂತ ಕೇಳಿದರೆ
ಒಂದು ಚೀಲ ಮಂಡಕ್ಕಿ, ಎಣಿಸಿಕೋ, ಅನ್ನುತ್ತಿದ್ದನಂತೆ ಅಜ್ಜ.
ಅವಳು ದನಿ ಎತ್ತಿದ್ದೇ ತಡ
ಯಂತ್ರದ ಮುಳ್ಳು ಕೆಂಪಿಗೆ ಹಾರಿತು.
ಹೊಗೆ ಕುಡಿದು ಬೆಳೆದ ದನಿ. ನಡುವೆ ಒಂದು ಸೀಳು.

ಮೂರನೇ ಹಾಡಿನ ಕೊನೆಯ ನುಡಿಗೆ ಸರಿಯಾಗಿ
ಗೂಡ್ಸು ರೈಲು ಕೂಗಿಕೊಂಡು ಬಂತು.
ಇನ್ನೊಮ್ಮೆ ಹಾಡು ಅಂದೆ.
"ಮನೇಲಿ ಕೂಸು ಕಾಯ್ತೈತಿ. ಇರ್ಲಿ ಬಿಡಣ್ಣ,
ಅದೇನ್ ದುಡ್ಡು ಕೇಳ್ತೈತಾ?"
ಬಿಟ್ಟೆ.
ಹರಿಹರ, ಜಗಳೂರು, ಹೊಳಲ್ಕೆರೆ,
ಕ್ಯಾಸೆಟ್ಟು ಹೋದಲ್ಲೆಲ್ಲ ಜನ ಆ ಕೂಗಿಗೇ ಮರುಳಾದರು.
ವೇದಿಕೆ ಹತ್ತಿದರೆ "ರೈಲು! ರೈಲು!" ಅಂತ ಗಲಾಟೆ.
ಕಡೆಗೆ ತಂಗಿಯ ಮಗ ದಾದಾಪೀರನನ್ನು ಕರೆದೊಯ್ಯತೊಡಗಿದಳು,
ಬರೀ ಸಿಳ್ಳೆ ಹೊಡೆಯಲಿಕ್ಕೆ,
ಸಿಳ್ಳೆಗೆ ಹತ್ತು ರೂಪಾಯಿ.

ಆಮೇಲೆ ಧಾರಾವಾಹಿಯವರು ಬಂದರು.
ತಂಪು ಕನ್ನಡಕದ ಸಣ್ಣ ಮನುಷ್ಯ, ನನ್ನ ಕಂಬಳಿ ಮುಟ್ಟಿ ಸೀನಿದ.
ಹಾಡುವ ಪಾತ್ರ ಅಂದಿದ್ದರು. ಹೋದ ಮೇಲೆ ಅತ್ತೆ ಅಂದರು.
ಚಂಪಾವತಿ ಅಂತ ಹೆಸರು ಬರೆದರು.
ಹಣೆಗೆ ಕಾಸಗಲ ಕುಂಕುಮ, ನೆರಿಗೆ ಕೆಡದ ರೇಶಿಮೆ,
"ಐತಿ" ಅನ್ನಬಾರದು, "ಇದೆ" ಅನ್ನಬೇಕು.
ಕಲಿತಳು. ಸಾಲದಾಯಿತು.
ಸೀಳುದನಿ ದೊಡ್ಡಮನೆ ಅತ್ತೆಗೆ ಒಗ್ಗುವುದಿಲ್ಲ ಅಂತ
ಬೇರೆ ಯಾರದೋ ದನಿ ತಂದು ಅಂಟಿಸಿದರು.
ರಾತ್ರಿ ಎಂಟೂವರೆಗೆ ಭಟ್ಟಿ ಓಣಿಯೆಲ್ಲ ಟಿವಿ ಮುಂದೆ:
"ನಮ್ ಚಮನಿ ಬಾಯಾಗ ಯಾರವ್ವಾ ಅದು ಮಾತಾಡೋದು?"
ಅವಳ ತಾಯಿ ಮಾತ್ರ
ಸದ್ದು ತೆಗೆದು ನೋಡುತ್ತಿದ್ದಳು.

ನಾನೂರ ಹನ್ನೆರಡು ಕಂತು.
ಸ್ವಂತದ್ದೊಂದು ಮನೆಯಾಯಿತು, ಮಗಳು ನರ್ಸಿಂಗ್ ಮುಗಿಸಿದಳು,
ಇದನ್ನೂ ಹೇಳಬೇಕು, ಬರೀ ಮರುಗುವುದು ಅನ್ಯಾಯ.
ಬೆಣ್ಣೆದೋಸೆ ಹೋಟೆಲಿನಲ್ಲಿ ಒಬ್ಬಾಕೆ ಎದ್ದು ಬಂದು
"ಸೊಸೆಗೆ ವಿಷ ಹಾಕೋಳಿಗೆ ಬೆಣ್ಣೆ ಬೇರೆ ಕೇಡು" ಅಂತ
ತಟ್ಟೆಯನ್ನೇ ಎತ್ತಿಕೊಂಡು ಹೋದಳಂತೆ.
ಹೇಳುತ್ತ ಹೇಳುತ್ತ ಚಮನ್‌ಬಿಗೆ ನಕ್ಕು ಕೆಮ್ಮು ಹತ್ತಿತ್ತು.

ಒಂದು ಸೋಮವಾರ ಅತ್ತೆಗೆ ಹೃದಯಾಘಾತ.
ಗೋಡೆಯ ಮೇಲೆ ಫೋಟೋ, ಗಂಧದ ಹಾರ.
ಮತ್ತೆರಡು ವರ್ಷ ಸೊಸೆ ಅದರ ಮುಂದೆಯೇ ನಿಂತು ಅತ್ತಳು.
"ಫೋಟೋಕ್ಕೆ ಸಂಬಳ ಇಲ್ಲ ಕೊಟ್ರಣ್ಣ.
ದಿನಾ ಬರ್ತೀನಿ, ದಿನಾ ಸತ್ತಿರ್ತೀನಿ."

ಹೋದ ತಿಂಗಳು ಅಂಗಡಿಗೆ ಬಂದಳು.
ಈಗ ಇಲ್ಲಿ ರೀಚಾರ್ಜು, ಫೋನಿನ ಕವರು, ಗಾಜು ಅಂಟಿಸುವುದು.
ಆ ಕಂಬಳಿಗಳು ಏನಾದವು ಅಂದಳು.
ಒಂದನ್ನು ಹೊದೆಯುತ್ತೇನೆ, ಉಳಿದವಕ್ಕೆ ನುಸಿ ಹತ್ತಿತು.
"ಹೊದ್ಕೊಂಡಾಗ ಏನಾರ ಕೇಳಿಸ್ತೈತಾ?"
ತಮಾಷೆಗೆ ಕೇಳಿದ್ದು. ನಾನು ಉತ್ತರ ಹುಡುಕುತ್ತಿದ್ದೆ,
ಅಷ್ಟರಲ್ಲಿ ಗೇಟು ಬಿತ್ತು.
ಆಟೋಗಳು, ಸ್ಕೂಟರುಗಳು, ಭತ್ತದ ಟ್ರ್ಯಾಕ್ಟರು ಸಾಲುಗಟ್ಟಿದವು.
ಗಲ್ಲಾದ ಮೇಲೆ ಬೆರಳಲ್ಲಿ ತಾಳ ಹಿಡಿದು
ಮೂರನೆಯದರ ಕೊನೆಯ ನುಡಿ ಎತ್ತಿಕೊಂಡಳು, ಸಣ್ಣಗೆ.
ಚಾರ್ಜರು ಕೇಳಲು ಬಂದ ಹುಡುಗ ಕೇಳುವುದನ್ನು ಮರೆತ.
ರೈಲು ಕೂಗುವ ಜಾಗ ಬಂತು.
ನಿಲ್ಲಿಸಿದಳು. ಕಾದಳು.
ಆ ಗೂಡ್ಸು ಕೂಗಲೇ ಇಲ್ಲ,
ಸುಮ್ಮನೆ ಹಾದುಹೋಯಿತು, ಐವತ್ತೆಂಟು ಡಬ್ಬಿ,
ಎಣಿಸಿದವಳು ಅವಳೇ.

"ಹೊತ್ತಾತು, ಮಂಡಕ್ಕಿ ಕಟ್ಟಿಸ್ಕೊಂಡು ಹೋಗ್ಬೇಕು" ಅಂತ ಎದ್ದಳು.