ಒಳಗೆ ಜಾಗ ಇದೆ

ಮೂವತ್ತೊಂದು ವರ್ಷ ಚಿಂತಾಮಣಿ ರೂಟಿನಲ್ಲಿ
ಊರುಗಳ ಹೆಸರು ಕೂಗಿದೆ,
ಕೂಗಿ ಇಳಿಸಿದೆ.
ಯಾಕೆ ಆ ಹೆಸರೆಂದು ಕೇಳಲಿಲ್ಲ;
ಚಿಲ್ಲರೆಯದೇ ಚಿಂತೆ.

ಈಗ, ಅರವತ್ಮೂರಕ್ಕೆ,
ವೀರಗಲ್ಲಿನ ಮುಖಕ್ಕೆ ಮೈದಾಹಿಟ್ಟು ಸವರಿ
ಅಕ್ಷರ ಎಬ್ಬಿಸುತ್ತೇನೆ.
ತುರು ಮರಳಿಸಿ ಸತ್ತನಂತೆ. ಯಾರು?
ಹೆಸರಿದ್ದ ಕಡೆ
ಕುಡುಗೋಲು ಮಸೆದ ಗುಳಿ.

ನಿನ್ನೆ ಬಟ್ಲಹಳ್ಳಿ ಹೈಸ್ಕೂಲಿನಲ್ಲಿ ಮೈಕು ಕೊಟ್ಟರು.
ಹಾಳೆ ನಡುಗಿತು, ಗಂಟಲು ಘಾಟಿ ಹತ್ತಲಿಲ್ಲ.
ಬಾಯಿಗೆ ಬಂದದ್ದು ಹಳೆಯದೇ:
‘ಒಳಗ್ಬನ್ನಿ, ಒಳಗ್ಬನ್ನಿ, ಒಳಗೆ ಜಾಗ ಇದೆ!’
ನಕ್ಕವು ಮಕ್ಕಳು.
ನಕ್ಕ ಮೇಲೆ ಕಥೆ ತಾನಾಗಿ ಉರುಳಿತು,
ಇಳಿಜಾರಿನ ಬಸ್ಸಿನ ಹಾಗೆ.

ಕಡೇ ಬೆಂಚಿನಿಂದ ಒಬ್ಬಳು ಎದ್ದಳು:
‘ಆ ಕಲ್ಲಿಗೆ ಕುಡುಗೋಲು ಮಸೀತಿದ್ದದ್ದು
ನಮ್ಮ ತಾತ, ಸಾರ್.
ಅವರ್ ಹೆಸರೂ ಬರ್ಕೊತೀರಾ?’

ಜೇಬೆಲ್ಲ ತಡಕಿದೆ.
ಪೆನ್ನು ಕಿವಿಯ ಮೇಲೇ ಇತ್ತು.