ಹದಿನೇಳನೆಯ ಸಾಲು

ಮುಹರ್ರಕ್‌ನಲ್ಲಿ ಬೆಳಗಿನ ಜಾವ ಮೂರು.
ಕೆಳಗಿನ ಹಲ್ವಾ ಅಂಗಡಿ ಮುಚ್ಚಿದೆ,
ಕೇಸರಿ ತುಪ್ಪದ ವಾಸನೆ ಮಾತ್ರ ಮೆಟ್ಟಿಲಲ್ಲೇ ಮಲಗಿದೆ.
ನೈರೋಬಿಯ ವಂಜಿರು ಆಕಳಿಸುತ್ತ
ನನ್ನ ತುರುಬಿಗೆ ಪಿನ್ನು ಚುಚ್ಚುತ್ತಾಳೆ.
ಒಂದು ಎಳೆಯೂ ಹೊರಗಿಣುಕಬಾರದು.
ಕಾದು ಕೂತಿದ್ದಾರೆ ಅಳೆಯುವವರು
ಹಿಮ್ಮಡಿಯನ್ನು, ಉಗುರನ್ನು, ತುಟಿಯ ಕೆಂಪನ್ನು.

ಎದೆಯ ಪಟ್ಟಿಯಲ್ಲಿ ಎಂಟೇ ಅಕ್ಷರಕ್ಕೆ ಜಾಗ.
ನೀಲಾಂಬಿಕೆ ಹಿಡಿಸಲಿಲ್ಲ, ನೀಲಾ ಆದೆ.
ಉಳಿದ ಅಂಬಿಕೆಯನ್ನು ದಿನಾ
ಕಪಾಟಿನಲ್ಲಿ ಅಗಸಿ ಚಟ್ನಿಯ ಡಬ್ಬಿಯ ಪಕ್ಕ
ಬಿಟ್ಟು ಬರುತ್ತೇನೆ.

ಹುಮನಾಬಾದಿನಲ್ಲಿ ಹೇಳಿಕೊಳ್ಳುತ್ತಾರೆ,
ಆಕೆಯ ನೌಕರಿ ಆಕಾಶದಲ್ಲಿ ಎಂದು.
ನಾನು ಕಂಡ ಆಕಾಶ
ಬಾಗಿಲ ನಡುವಿನ ಅಂಗೈಯಗಲ ಗಾಜು.
ಉಳಿದದ್ದು ಒಂದೂವರೆ ಅಡಿಯ ಓಣಿ,
ಮೂವತ್ತು ಸಾಲು ಹೋಗುವುದು, ಮೂವತ್ತು ಸಾಲು ಬರುವುದು,
ತುಂಬಿದ ಗಾಡಿಯನ್ನು ಏರಿಗೆ ತಳ್ಳುವುದು.
ಹೌದು, ಏರು. ವಿಮಾನ ಮೂಗೆತ್ತಿಯೇ ಹಾರುತ್ತದೆ,
ಕೂತವರಿಗೆ ತಿಳಿಯುವುದಿಲ್ಲ,
ಮೊಣಕಾಲಿಗೆ ತಿಳಿಯುತ್ತದೆ.
ಸಂಡಾಸಿನ ಬಾಗಿಲು ತೆಗೆಯಲು ಬಾರದವರಿಗೆ
ನಗುತ್ತ ತೆಗೆದುಕೊಡುವುದು,
ಆಮೇಲೆ ನಗುತ್ತ ಮೂಗು ಮುಚ್ಚದಿರುವುದು.
ನಗುವೂ ಸಮವಸ್ತ್ರವೇ,
ಅದೊಂದನ್ನು ಮಾತ್ರ ಇಸ್ತ್ರಿಗೆ ಕೊಡಲು ಬರುವುದಿಲ್ಲ.

ಆ ದಿನ ಹೈದರಾಬಾದಿನಿಂದ ವಾಪಸು.
ಹದಿನೇಳನೆಯ ಸಾಲಿನಲ್ಲಿ ಇಬ್ಬರು ಹುಡುಗರು,
ಒಂದೇ ಥಾನಿನಲ್ಲಿ ಹೊಲಿಸಿದ ಅಂಗಿ,
ಕೊರಳಲ್ಲಿ ಏಜೆಂಟನ ಹಳದಿ ದಾರ,
ಬೆಲ್ಟನ್ನು ಗಂಟು ಹಾಕಿಕೊಂಡು ಕೂತಿದ್ದರು.
ಬಿಚ್ಚಿದೆ, ಕೊಕ್ಕೆ ತೂರಿಸಿ ತೋರಿಸಿದೆ, ಇಂಗ್ಲಿಷಿನಲ್ಲಿ.
ಬೆನ್ನು ತಿರುಗಿಸಿದ್ದೇ ತಡ,
"ನೀರ್ ಕೇಳ್ಲೇನೋ ಮೋನಪ್ಪ?"
"ಬ್ಯಾಡ, ಸುಮ್ ಕುಂದ್ರು. ರೊಕ್ಕ ಕೇಳ್ತಾಳ.
ಅವರ್ದೊಂದು ನಮ್ದು ಎರಡ್ನೂರು ಅಂತ.
ಉಗುಳ್ ನುಂಗು."

ಶಹಾಪುರದ ಕಡೆಯ ಎಳೆತ.
ಬೆನ್ನಿನ ಮೇಲೆ ಯಾರೋ ಬರೀ ಅಂಗೈ ಇಟ್ಟಂತೆ.

ಬಲ್ಲ ಭಾಷೆಗಳ ಫಾರಮಿನಲ್ಲಿ
ಕನ್ನಡಕ್ಕೊಂದು ಚೌಕ ಇರಲಿಲ್ಲ.
ಇತರೆ ಎಂಬುದಿತ್ತು.
ಅದನ್ನು ಖಾಲಿ ಬಿಟ್ಟವಳು ನಾನೇ.
ಈಗಲೂ ಬಾಯಿ ತೆರೆಯಲಿಲ್ಲ.
ಒಂದು ಮಾತಾಡಿದರೆ ಊರು ಕೇಳುತ್ತಾರೆ,
ಯಾರ ಮಗಳು ಎನ್ನುತ್ತಾರೆ,
ಆಮೇಲೆ ಏನೂ ಕೇಳದೆ ನಂಬುತ್ತಾರೆ.
ಬಾಗಿಲಲ್ಲಿ ಬಿಟ್ಟುಬಿಡಬೇಕಾದವರ ನಂಬಿಕೆ
ನನಗೆ ಬೇಡವಾಗಿತ್ತು.

ಎರಡು ಲೋಟ ನೀರಿಟ್ಟೆ.
ಮಡಿಚಿದ ನೋಟು ಹಿಡಿದ ಕೈ ಮೇಲೆದ್ದಿತು,
ಬೇಡವೆಂದು ತಲೆಯಾಡಿಸಿದೆ.
ಇನ್ನೆರಡು ಲೋಟ ತಂದೆ.
"ಫುಕಟ್ ಅದಲ್ಲೋ!" ಎಂದು ಒಬ್ಬ ನಕ್ಕ.
ಮೋನಪ್ಪ ನಗಲಿಲ್ಲ. ಕೆಳಗೆ ನೋಡುತ್ತಿದ್ದ.
"ಆಕಿ ಕಾಲ್ ನೋಡು, ಹ್ಯಾಂಗ್ ಬಾತಾವ.
ನಮ್ಮಕ್ಕ ಹತ್ತಿ ಬಿಡಿಸಿ ಬಂದಾಗ ಹಿಂಗೇ ಇರ್ತಾವ.
ಈಕಿನೂ ಕೂಲಿನೇ ಬಿಡು, ಪಾಪ."

ಮೂರು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ
ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.
ಪರದೆಯ ಹಿಂದೆ ಹೋಗಿ
ಕಾಫಿ ಪಾತ್ರೆಯ ಮುಚ್ಚಳವನ್ನು
ಮೂರು ಸಲ ಒರೆಸಿದೆ.

ಇಳಿಯುವಾಗ ಕಿಟಕಿ ತುಂಬ ಸಮುದ್ರ,
ಮರಳು ಸುರಿದು ಮಾಡಿದ ಹೊಸ ನೆಲ,
ನೆರಳಿಲ್ಲದ ಬಿಳಿ ಮಧ್ಯಾಹ್ನ.
"ಎಷ್ಟ್ ನೀರೋ ಮೋನಪ್ಪ!"
"ಕುಡಿಯಾಕ್ ಬರಂಗಿಲ್ಲ ಅದು."

ಬಾಗಿಲಲ್ಲಿ ನಿಂತು ನೂರೆಪ್ಪತ್ತು ಸಲ
ಅದೇ ಎರಡು ಶಬ್ದ ಹೇಳುತ್ತಿದ್ದೆ.
ಅವರು ಬಂದರು, ಚೀಲ ತಲೆಯ ಮೇಲೆ.
ನನಗರಿಯದೆ ಬಾಯಿಂದ ಬಿತ್ತು,
"ಜ್ವಾಕಿ."

ಕಿರಿಯವನು ನಾಲ್ಕು ಹೆಜ್ಜೆಯಾಚೆ ತಿರುಗಿದ.
ಹಿಂದಿನವರು ನೂಕುತ್ತಿದ್ದರು.
"ಏನಂದಳೋ ಆಕಿ?"
"ಅರಬಿ ಇರಬೇಕು, ನಡಿ" ಎಂದ ಮೋನಪ್ಪ.

ವಿಮಾನ ಖಾಲಿಯಾದ ಮೇಲೆ ಸಾಲುಸಾಲಾಗಿ ನೋಡುತ್ತ ಬಂದೆ.
ಹದಿನೇಳರಲ್ಲಿ ಲೋಟಗಳಿರಲಿಲ್ಲ,
ನಾಲ್ಕನ್ನೂ ಜತೆಗೆ ಒಯ್ದಿದ್ದರು.
ಕೂರಬಾರದು ಎಂದು ನಿಯಮವಿದೆ.
ಕೂತೆ. ಬೂಟು ಕಳಚಿದೆ.
ಗುಡಿಸುವವರ ಬಕೀಟಿನ ಸದ್ದು
ಮೆಟ್ಟಿಲು ಹತ್ತಿ ಬರುವ ತನಕ.