ಉದ್ದನೆಯ ಸಹಿ

ಹಿದ್ದ್ ಬಂದರಿನ ಒಣಕಟ್ಟೆಯಲ್ಲಿ
ನೀರು ಬಸಿದು ನಿಲ್ಲಿಸಿದ ಹಡಗಿನ ಹೊಟ್ಟೆಯಡಿ
ನಾನು ತುಕ್ಕು ಕೆರೆಯುತ್ತೇನೆ, ಗುವೊ ಬೆಸುಗೆ ಹಾಕುತ್ತಾನೆ.
ಹನ್ನೆರಡರಿಂದ ನಾಲ್ಕರವರೆಗೆ ಬಿಸಿಲಿನ ರಜ.
ಸತ್ತ ಚಿಪ್ಪುಗಳ ನಾತದ ನಡುವೆ
ಹಡಗಿನ ನೆರಳೇ ನಮಗೆ ಅರಳಿಕಟ್ಟೆ.

ಕರಿಬಸಪ್ಪ ಎನ್ನಲು ಅವನ ನಾಲಿಗೆ ಹೊರಳದು.
ಕಾಲಿಬಾ, ಎನ್ನುತ್ತಾನೆ. ಆಗಲಿ.
ಅವನ ಮಾತು ಫೋನಿನೊಳಗೆ ಹೋಗಿ
ಹಿಂದಿಯಾಗಿ ಹೊರಬಿದ್ದು
ನನ್ನ ತಲೆಯಲ್ಲಿ ಹರಿಹರದ ಕನ್ನಡ ಆಗುವಷ್ಟರಲ್ಲಿ
ಚಹಾ ಆರಿರುತ್ತದೆ.

ಅವರ ಹಳೇ ಕಥೆಯೊಂದರಲ್ಲಿ ಒಬ್ಬ ಬಂಡುಕೋರ.
ಹೊಳೆಯ ಮೇಲೆ ಕಳ್ಳ ಉಪ್ಪು ಸಾಗಿಸುವ ದೋಣಿಯವನು.
ಅಜ್ಜಿ ಬಟಾಣಿ ಸುಲಿಯುತ್ತ ಹೇಳುತ್ತಿದ್ದಳಂತೆ,
ಒಂದೊಂದು ಕಾಯಿಗೆ ಅವನ ಒಂದೊಂದು ಮಾತು.

ಅಮಲ್ದಾರನ ಮುಂದೆ ಮಂಡಿಯೂರು ಎಂದರೆ ಅವನು ಅಂದದ್ದು:
"ಹೊಳೆಯಲ್ಲಿ ನೀರು ಕುಡಿಯುವಾಗ ಊರುತ್ತೇನೆ,
ನೀನು ಹೊಳೆಯೇನು?"
(ಫೋನು ಹೇಳಿದ್ದು: ನಾಯಿ ನನ್ನ ಮಂಡಿ ಕುಡಿಯಿತು.
ನಾವಿಬ್ಬರೂ ಅರ್ಧ ಗಂಟೆ ನಕ್ಕೆವು,
ನೇಪಾಳದ ತಿಲಕ ನಿದ್ದೆಯಿಂದೆದ್ದು ಬೈದ.)

ಕೈಕಟ್ಟಿ ಎಳೆದೊಯ್ಯುವ ಸಿಪಾಯಿಗೆ ಅಂದದ್ದು:
"ಹಗ್ಗದ ಆ ತುದಿಯಲ್ಲೂ ಒಂದು ಕೈ ಸಿಕ್ಕಿಬಿದ್ದಿದೆ, ತಮ್ಮಾ.
ನನಗೆ ಇದು ಇವತ್ತೊಂದು ದಿನ,
ನಿನಗೆ ದಿನಾಲೂ."

ಸುಂಕದ ಕಟ್ಟೆಯಲ್ಲಿ, ತಕ್ಕಡಿಯ ಎದುರು ಅಂದದ್ದು:
"ಉಪ್ಪಿಗೆ ಸುಂಕ ಹಾಕಿದಿರಿ.
ಬೆವರಿಗೆ ಹಾಕಿ, ನೋಡೋಣ."

ಇದನ್ನು ಮಾತ್ರ ಫೋನು ತಪ್ಪದೆ ಹೇಳಿತು.
ನಾನು ನಗಲಿಲ್ಲ.

ನನ್ನಪ್ಪನ ಬಾಯಲ್ಲಿ ಉಪ್ಪೆಂದರೆ ಬೇರೆ ಮಾತು:
ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡ.
ಗಿರಣಿ ಮುಚ್ಚಿ, ಗೇಟಿಗೆ ಬೀಗ ಬಿದ್ದು
ಆರು ವರ್ಷವಾದ ಮೇಲೂ ಆ ದಾರಿಯಲ್ಲಿ ಹೋಗುವಾಗ
ಸೈಕಲ್ಲಿನಿಂದ ಇಳಿದೇ ಹೋಗುತ್ತಿದ್ದ.
ಒಂದೇ ಉಪ್ಪು.
ಒಬ್ಬನ ಬೆನ್ನು ಬಗ್ಗಿಸಿತು,
ಇನ್ನೊಬ್ಬನ ಕೈಗೆ ಹುಟ್ಟು ಕೊಟ್ಟಿತು.

ಮೂರು ತಿಂಗಳು ಸಂಬಳವಿಲ್ಲ.
ಸಲ್ಮಾಬಾದಿನ ಕ್ಯಾಂಪಿನಲ್ಲಿ ಹನ್ನೊಂದು ಮಂಚದ ಕೋಣೆ,
ಅಂಗಡಿಯ ಬಂಗಾಳಿ ಸಾಲದ ಪುಸ್ತಕ ಮುಚ್ಚಿಟ್ಟ.
ಒಂದು ಗುರುವಾರ ಸಂಜೆ ಕಂಪನಿಯ ಗುಮಾಸ್ತ ಬಂದ,
ಇಸ್ತ್ರಿಯ ಅಂಗಿ, ಕೈಯಲ್ಲಿ ಕಾಗದದ ಕಟ್ಟು:
ಬಾಕಿ ಪೂರ್ತಿ ಮುಟ್ಟಿದೆ, ಸಹಿ.
ಸಹಿ ಮಾಡಿದವರಿಗೆ ನಾಳೆ ದುಡ್ಡು. ಮಾಡದವರಿಗೆ ವಿಮಾನ.

ಸಾಲಿನಲ್ಲಿ ತಿಲಕ ಮಾಡಿದ. ಮಜನೂ ಹೆಬ್ಬೆಟ್ಟು ಒತ್ತಿದ.
ನನ್ನ ಸರದಿ ಬಂತು.
ಎದ್ದು ನಿಂತು ಕೂಗುವ ಧೈರ್ಯ ನನಗಿರಲಿಲ್ಲ,
ಸುಳ್ಳು ಯಾಕೆ ಹೇಳಲಿ.
ಪೆನ್ನು ತಗೊಂಡೆ,
ಚುಕ್ಕಿಗೆರೆಯ ಮೇಲೆ ಕನ್ನಡದಲ್ಲಿ ದುಂಡಗೆ,
ಮೂರನೇ ಕ್ಲಾಸಿನ ಕಾಪಿ ಬರೆಯುವಂತೆ, ಬರೆದೆ:
ಉಪ್ಪಿಗೆ ಸುಂಕ ಹಾಕಿದಿರಿ, ಬೆವರಿಗೆ ಹಾಕಿ ನೋಡೋಣ.

ಗುಮಾಸ್ತ ಕಾಗದ ತಿರುಗಿಸಿ ನೋಡಿದ.
"ಎಷ್ಟುದ್ದ ಹೆಸರಪ್ಪಾ ನಿಂದು," ಅಂದ.
"ಅಜ್ಜನ ಹೆಸರೂ ಸೇರಿದೆ," ಅಂದೆ.
ಠಸ್ಸೆ ಒತ್ತಿದ.

ಎರಡು ತಿಂಗಳಿನದು ಬಂತು.
ಮೂರನೆಯದು ಇನ್ನೂ ದಾರಿಯಲ್ಲಿದೆ, ಎನ್ನುತ್ತಾರೆ.
ಯಾವುದೋ ಕಪಾಟಿನ ಯಾವುದೋ ಫೈಲಿನಲ್ಲಿ
ಆ ದೋಣಿಯವನು ಮಂಡಿಯೂರದೆ ನಿಂತಿದ್ದಾನೆ,
ತನಗೆ ಗೊತ್ತಿಲ್ಲದ ಲಿಪಿಯಲ್ಲಿ.

ಗುವೊಗೆ ಹೇಳಿದೆ. ಅವನು ಉಗುರಿನ ಮಸಿ ಕೆರೆಯುತ್ತ ಕೇಳಿದ.
ಕೊನೆಗೆ ಏನಾದ ನಿಮ್ಮವನು, ಎಂದೆ. ಕೊಂದರೇ?
ಫೋನು ತಡವರಿಸಿತು:
ಅಜ್ಜಿಗೆ ಬಟಾಣಿ ಮುಗಿದರೆ ಅವನ ತಲೆ ಹಾರುತ್ತಿತ್ತು,
ಕತ್ತಿಯವನಿಗೆ ಅವನು "ನಿಧಾನ, ಈ ಕತ್ತು ಬಗ್ಗಿ ಅಭ್ಯಾಸವಿಲ್ಲ" ಅನ್ನುತ್ತಿದ್ದ.
ಬಟಾಣಿ ಇನ್ನೂ ಉಳಿದಿದ್ದರೆ
ರಾಜ ಕ್ಷಮಿಸಿ, ರೇಶಿಮೆ ಹೊದಿಸಿ
ಅವನನ್ನೇ ಸುಂಕದ ಕಟ್ಟೆಯಲ್ಲಿ ಕೂರಿಸುತ್ತಿದ್ದ.

ಆಗ ಅವನು ಏನಂದ?

ಗುವೊ ಮುಖವಾಡ ಕೆಳಗೆಳೆದುಕೊಂಡ.
ನಾಲ್ಕು ಗಂಟೆಯ ಸೈರನ್ನು ಕೂಗಿತ್ತು.